ಮಾವನಿಗೆ ಎರಡೆರಡು ಕಂಡದ್ದು ಮತ್ತು ಕಣ್ಣಿನ ಆರು ಸ್ನಾಯು

ಕಣ್ಣಿನ ತೊಂದರೆ ಅಂದ್ರೆ ನಮ್ಮ ಕಡೆ ಎಲ್ಲರಿಗೂ ನೆನಪಾಗುದು ಪೊರೆ, ಇಲ್ಲದಿದ್ರೆ ಕನ್ನಡಕ. ಕಣ್ಣು ತಿರುಗಿಸ್ಲಿಕ್ಕೆ ಅಂತಲೇ ಸ್ನಾಯುಗಳು ಉಂಟು, ಅವು ಕೈಕೊಡಬಹುದು ಅನ್ನುದು ಬದಿಯಡ್ಕದ ನಮ್ಮ ಮಾವನಿಂದಾಗಿ ಮನೆಯವರಿಗೆಲ್ಲ ಗೊತ್ತಾಯ್ತು. ತೋಟಕ್ಕೆ ಹೋದವರು ಅರ್ಧದಲ್ಲೇ ವಾಪಸ್ ಬಂದು, ಎಡಬದಿಗೆ ನೋಡಿದ್ರೆ ಒಂದು ಅಡಿಕೆ ಕಂಗಿನ ಪಕ್ಕದಲ್ಲೇ ಇನ್ನೊಂದು ಕಂಗು ಕಾಣ್ತದೆ, ಹತ್ತಿರದ್ದು ಅಡ್ಡಿಯಿಲ್ಲ, ದೂರದ್ದೇ ಎರಡು, ಒಂದು ಕಣ್ಣು ಮುಚ್ಚಿದ್ರೆ ಎಂತ ಇಲ್ಲ ಅಂದ್ರು.

ಮಂಗಳೂರಿಗೆ ಕರ್ಕೊಂಡು ಹೋದೆವು. ಡಾಕ್ಟ್ರು ತಲೆ ಅಲ್ಲಾಡಿಸ್ಬೇಡಿ ಅಂತ ಹೇಳಿ ಬೆರಳನ್ನು ಆಚೆ ಈಚೆ ಮೇಲೆ ಕೆಳಗೆ ಕೊಂಡುಹೋದ್ರು, ಎಡಗಣ್ಣು ಮೂಗಿನ ಬದಿಗೆ ಚೆಂದಕ್ಕೆ ಬಂತು, ಕಿವಿಯ ಬದಿಗೆ ಹೋಗುವಾಗ ಮಾತ್ರ ಅರ್ಧದಲ್ಲೇ ನಿಂತಿತು, ಆ ಮೂಲೆಯ ಬಿಳಿ ಮುಚ್ಚಲೇ ಇಲ್ಲ.

ಒಂದೊಂದು ಕಣ್ಣಿಗೆ ಆರು ಸ್ನಾಯು, ನಾಲ್ಕು ನೇರದ್ದು, ಎರಡು ಓರೆ. ಕಣ್ಣನ್ನು ಕಿವಿಯ ಬದಿಗೆ ಎಳೆಯುವ ಲ್ಯಾಟರಲ್ ರೆಕ್ಟಸ್‌ಗೆ ಮೆದುಳಿನಿಂದ ಬರುವ ಆರನೇ ನರ, ಆ ನರಕ್ಕೆ ಇದೊಂದೇ ಕೆಲಸ. ಮಾವನಿಗೆ ಶುಗರ್ ಹಳೆಯದು, ಆ ನರಕ್ಕೆ ರಕ್ತ ಕೊಡುವ ಸಣ್ಣ ನಾಳ ಕಟ್ಟಿದ್ದು ಅಂತ ಹೇಳಿದ್ರು, ಬೇರೆಂತ ಇಲ್ಲ ಅಂತ ಖಾತ್ರಿ ಮಾಡ್ಲಿಕ್ಕೆ ಸ್ಕ್ಯಾನ್ ಕೂಡ ಆಯ್ತು. ಶುಗರ್‌ನಿಂದ ಆದದ್ದು ಹೆಚ್ಚಾಗಿ ಮೂರು ತಿಂಗಳ ಆಸುಪಾಸಿನಲ್ಲಿ ತಾನಾಗಿ ಸರಿಯಾಗ್ತದೆ, ಮಾವನಿಗೂ ಆಯ್ತು, ಅಷ್ಟರವರೆಗೆ ಕನ್ನಡಕದ ಒಂದು ಗಾಜಿಗೆ ಟೇಪ್ ಅಂಟಿಸಿಕೊಂಡು ಇದ್ರು. ಆದ್ರೆ ಎರಡು ಕಾಣುದರ ಜೊತೆ ರೆಪ್ಪೆ ಜೋತುಬಿದ್ದು, ಪಾಪೆ ದೊಡ್ಡದಾಗಿ, ಜೋರು ತಲೆನೋವು ಇದ್ರೆ ಅದು ಮೂರನೇ ನರದ ತೊಂದರೆ, ಮೆದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರಬಹುದು, ಅದಕ್ಕೆ ನಾಳೆ ನೋಡುವ ಅಂತ ಕೂರ್ಬಾರ್ದು, ಆಗಲೇ ಹೊರಡ್ಬೇಕು.

ನನಗೆ ಭಾರೀ ಆಶ್ಚರ್ಯ ಆದದ್ದು ಎರಡು ಓರೆ ಸ್ನಾಯುಗಳಲ್ಲಿ ಮೇಲಿನದ್ದಾದ ಸುಪೀರಿಯರ್ ಒಬ್ಲಿಕ್ ಬಗ್ಗೆ ಓದಿದಾಗ. ಇದು ಕಣ್ಣಗುಳಿಯ ಹಿಂದಿನ ತುದಿಯಿಂದ ಹೊರಟು ಮುಂದೆ ಮೂಗಿನ ಬದಿಯ ಮೇಲಿನ ಮೂಲೆಗೆ ಬರ್ತದೆ, ಅಲ್ಲಿ ಮೃದ್ವಸ್ಥಿಯ ಒಂದು ಸಣ್ಣ ಬಳೆ ಉಂಟು, ಬಾವಿಯ ಹಗ್ಗ ರಾಟೆಯಲ್ಲಿ ತಿರುಗಿದ ಹಾಗೆ ಅದರೊಳಗಿಂದ ತಿರುಗಿ ಹಿಂದಕ್ಕೆ ಹೋಗಿ ಕಣ್ಣುಗುಡ್ಡೆಯ ನೆತ್ತಿಗೆ ಅಂಟಿಕೊಳ್ತದೆ. ಹಾಗಾಗಿ ಮೇಲೆ ಕೂತ ಸ್ನಾಯು ಎಳೆದ್ರೂ ಕಣ್ಣು ಕೆಳಗೆ ಹೋಗ್ತದೆ, ಅದೂ ಮೂಗಿನ ಕಡೆ ನೋಡುವಾಗ ಹೆಚ್ಚು. ಇದನ್ನು ನಡೆಸುವ ನಾಲ್ಕನೇ ನರ ಸೋತ್ರೆ ಮೆಟ್ಟಿಲು ಇಳಿಯುವಾಗ, ಪೇಪರ್ ಓದುವಾಗ ಒಂದರ ಮೇಲೊಂದು ಕಾಣ್ತದೆ, ಕೆಲವರು ಕುತ್ತಿಗೆ ವಾಲಿಸಿಯೇ ಇರ್ತಾರೆ, ಕುತ್ತಿಗೆ ಉಳುಕಿದ್ದು ಅಂತ ಮನೆಯವರು ಎಣ್ಣೆ ತಿಕ್ಕುತ್ತಾರೆ.

ಕುಂಬಳೆ ಸೀಮೆಯವರಾದ ನಾವು ಯಕ್ಷಗಾನದ ಆಟದಲ್ಲಿ ಬಣ್ಣದ ವೇಷದ, ಅಂದ್ರೆ ರಾಕ್ಷಸ ಪಾತ್ರದ, ಕಣ್ಣು ಹೊರಳುದು ನೋಡಿಯೇ ಬೆಳೆದದ್ದು. ಎರಡೂ ಕಣ್ಣು ಒಟ್ಟಿಗೆ ಬಲಕ್ಕೆ ಹೊರಳ್ಬೇಕಾದ್ರೆ ಬಲಗಣ್ಣಿನ ಹೊರಗಿನ ಸ್ನಾಯು, ಎಡಗಣ್ಣಿನ ಒಳಗಿನದ್ದು ಒಂದೇ ಹೊತ್ತಿಗೆ ಎಳೆಯಬೇಕು, ಎದುರಿನ ಎರಡೂ ಅಷ್ಟೇ ಹೊತ್ತಿಗೆ ಸಡಿಲ ಬಿಡ್ಬೇಕು.

ಮಕ್ಕಳ ಮೆಳ್ಳೆಗಣ್ಣಿನ ವಿಷಯ ಹೇಳದೆ ಬಿಡ್ಲಿಕ್ಕೆ ಮನಸ್ಸಾಗುದಿಲ್ಲ. ಅದು ಅದೃಷ್ಟ, ದೊಡ್ಡವನಾದಾಗ ಸರಿಯಾಗ್ತದೆ ಅಂತ ಈಗಲೂ ಹೇಳುವವರಿದ್ದಾರೆ. ಒಂದು ಕಣ್ಣು ಓರೆಯಾಗಿಯೇ ನಿಂತ್ರೆ ಮೆದುಳು ಆ ಕಣ್ಣಿನ ಚಿತ್ರವನ್ನು ಬಿಟ್ಟುಬಿಡ್ತದೆ, ಕಣ್ಣು ಚೆನ್ನಾಗಿದ್ರೂ ದೃಷ್ಟಿ ಬೆಳೆಯುದಿಲ್ಲ. ಏಳೆಂಟು ವರ್ಷದೊಳಗೆ ಕನ್ನಡಕ, ಒಳ್ಳೆ ಕಣ್ಣಿಗೆ ಪ್ಯಾಚ್, ಬೇಕಾದ್ರೆ ಸ್ನಾಯುವಿನ ಆಪರೇಷನ್ ಮಾಡಿದ್ರೆ ಸರಿಯಾಗುವ ಸಾಧ್ಯತೆ ಜಾಸ್ತಿ, ತಡವಾದಷ್ಟು ಕಷ್ಟ. ಮಗುವಿಗೆ ನಾಲ್ಕು ತಿಂಗಳು ದಾಟಿದ ಮೇಲೂ ಕಣ್ಣು ಓರೆ ಹೋಗ್ತಾ ಇದ್ರೆ ಕಣ್ಣಿನ ಡಾಕ್ಟ್ರಿಗೆ ತೋರಿಸಿ, ಶಾಲೆಗೆ ಸೇರುವವರೆಗೆ ಕಾಯ್ಬೇಡಿ.