ಕಂಟ್ರೋಲ್‌ನಲ್ಲೂ ಮೊಟ್ಟೆ ಒಡೆಯದಿದ್ದಾಗ

ಹೀಮಾಂಕಸ್ ಹುಳು ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹೆಣ್ಣು ದಿನಕ್ಕೆ 5,000ಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಕುಡಿಸಿ ಕುಡಿಸಿ ಹಲವು ಕಡೆ ಮದ್ದೇ ನಾಟುತ್ತಿಲ್ಲ. ಅದಕ್ಕೇ ನಮ್ಮ ಲ್ಯಾಬಿನಲ್ಲಿ ಓಮದ ಎಣ್ಣೆ, ಲವಂಗದ ಎಣ್ಣೆಗಳ ಹುಡುಕಾಟ.

ಅವತ್ತು ಓಮದ ಎಣ್ಣೆಯ ಎಗ್ ಹ್ಯಾಚ್ ಪ್ಲೇಟ್ ಓದಬೇಕಿತ್ತು. ಪ್ಲೇಟಿನ ಪುಟ್ಟ ಗುಳಿಗಳಲ್ಲಿ, ಅಂದರೆ ವೆಲ್‌ಗಳಲ್ಲಿ, ಕುರಿ ಹಿಕ್ಕೆಯಿಂದ ತೆಗೆದ ಹುಳುವಿನ ಮೊಟ್ಟೆಗೆ ಎಣ್ಣೆ ಹಾಕಿ, ಎಷ್ಟು ಒಡೆದು ಮರಿ ಹೊರಬಂತು ಎಂದು ಎಣಿಸುವ ಪರೀಕ್ಷೆ ಇದು. 48 ಗಂಟೆ ಮುಗಿದಿತ್ತು, ಲ್ಯೂಗಾಲ್ ಅಯೋಡಿನ್ ಹಾಕಿ ಮೈಕ್ರೋಸ್ಕೋಪ್ ಕೆಳಗಿಟ್ಟೆ. ಜಾಸ್ತಿ ಡೋಸಿನಲ್ಲಿ ಒಂದು ಮರಿಯೂ ಇಲ್ಲ. ಕಡಿಮೆ ಡೋಸಿನಲ್ಲೂ ಇಲ್ಲ. ಪಕ್ಕದಲ್ಲಿದ್ದ ಮೇಡಂ "ಹಾಗಾದ್ರೆ ಪೇಪರ್ ರೆಡಿ ಅನ್ನಪ್ಪಾ" ಎಂದು ನಕ್ಕರು. ಆಮೇಲೆ ಕಂಟ್ರೋಲ್ ಸಾಲಿಗೆ, ಅಂದರೆ ಹೋಲಿಕೆಗೆಂದು ಎಣ್ಣೆ ಹಾಕದೆ ಬಿಟ್ಟ ಸಾಲಿಗೆ, ಬಂದೆ. ಬರೀ ನೀರು, ಎಣ್ಣೆಯನ್ನು ನೀರಿನಲ್ಲಿ ಬೆರೆಸಲು ಬಳಸುವ ಟ್ವೀನ್ 80. ಅಲ್ಲಿ ನೂರಕ್ಕೆ ತೊಂಬತ್ತಾದರೂ ಒಡೆದಿರಬೇಕು. ಮೊದಲ ವೆಲ್‌ನಲ್ಲಿ ಕಂಡದ್ದು ಮೊಟ್ಟೆಯೊಳಗೇ ಸುರುಳಿ ಸುತ್ತಿಕೊಂಡು, ಅಯೋಡಿನ್ ಹೀರಿ ಕಂದಾದ ಮರಿಗಳು. ಎರಡನೆಯದರಲ್ಲೂ ಅದೇ. ಮೇಡಂ ನಗು ನಿಂತಿತು.

ಹಿಕ್ಕೆ ಬಿಸಿಲಿಗೆ ಒಣಗಿರಬೇಕು ಅಂತ ನಾನು ಅಟೆಂಡರ್ ಅಣ್ಣನ ಮೇಲೆ ರೇಗಿದೆ. ಮೊಟ್ಟೆ ಮೊದಲೇ ಸತ್ತಿದ್ದರೆ ಒಳಗೆ ಮರಿ ಬೆಳೆಯುವುದಾದರೂ ಹೇಗೆ? ಕಣ್ಣೆದುರೇ ಇದ್ದದ್ದು ಆಗ ತಲೆಗೆ ಹತ್ತಲಿಲ್ಲ. ಅವರು ವಾದ ಮಾಡಲಿಲ್ಲ. ಪ್ಲೇಟ್ ಇಟ್ಟಿದ್ದ ಇನ್‌ಕ್ಯುಬೇಟರ್ ಬಾಗಿಲು ತೆಗೆದು "ಇಲ್ಲಿ ಸ್ವಲ್ಪ ಮೂಗಿಡಿ ಸಾರ್" ಅಂದರು. ಒಳಗೆ ಬಾಣಂತಿ ಕೋಣೆಯ ವಾಸನೆ!

ಓಮಕ್ಕೆ ಆ ವಾಸನೆ ಕೊಡುವ ಥೈಮಾಲ್ ಗಾಳಿಗೆ ಆರುವ ವಸ್ತು. ಸಡಿಲ ಮುಚ್ಚಳದ ಕೆಳಗೆ ಆವಿ ವೆಲ್‌ನಿಂದ ವೆಲ್‌ಗೆ ಹೋಗಿದೆ. ಎಣ್ಣೆ ಮುಟ್ಟದ ಮೊಟ್ಟೆಗೂ ಔಷಧಿ ಸಿಕ್ಕಿದೆ. ಪ್ಲೇಟ್ ತಿರುಗಿಸಿ ನೋಡಿದರೆ ಜಾಸ್ತಿ ಡೋಸಿನ ವೆಲ್‌ಗಳ ತಳ ಮಬ್ಬಾಗಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ, ಎಣ್ಣೆ ಪ್ಲೇಟಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ತಿಂದಿತ್ತು.

ಈಗ ಕಂಟ್ರೋಲ್‌ಗೆ ಬೇರೆ ಪ್ಲೇಟ್, ಬೇರೆ ಇನ್‌ಕ್ಯುಬೇಟರ್. ಒಂದೊಂದು ಡೋಸಿಗೂ ಬೇರೆ ಬೇರೆ ಪ್ಲೇಟ್, ಮೇಲೆ ಸೀಲ್. ಹೀಗೆ ಮಾಡಿದ ಮೇಲೆ ಕಡಿಮೆ ಡೋಸಿನ ಮೊಟ್ಟೆಗಳು ಆರಾಮಾಗಿ ಒಡೆದವು. ಜಾಸ್ತಿ ಡೋಸ್ ಕೆಲಸ ಮಾಡುತ್ತದೆ, ಸರಿ. ಆದರೆ ಅಷ್ಟು ಎಣ್ಣೆಯನ್ನು ಕುರಿಗೆ ಗೊಟ್ಟದಲ್ಲಿ ಕುಡಿಸಿದರೂ ದೊಡ್ಡ ಹೊಟ್ಟೆಯ ಲೀಟರುಗಟ್ಟಲೆ ರಸದಲ್ಲಿ ಸೇರಿ ತೆಳುವಾಗುತ್ತದೆ. ಹುಳು ಇರುವ ಜಾಗಕ್ಕೆ ಎಷ್ಟು ತಲುಪೀತು?

ಇದನ್ನು ಮೀಟಿಂಗ್‌ನಲ್ಲಿ ಹೇಳಿದೆ. ಮೇಲಿನವರು "ಗಿಡದ ಎಣ್ಣೆ ತಾನೇ, ಸೈಡ್ ಎಫೆಕ್ಟ್ ಇರಲ್ಲ. ಮೇಳಕ್ಕೆ ಬಾಟಲಿ ಮಾಡಿ" ಅಂದುಬಿಟ್ಟರು. 20ನೇ ಶತಮಾನದ ಮೊದಲಲ್ಲಿ ಕೊಕ್ಕೆಹುಳುವಿಗೆ ಜನರಿಗೆ ಕುಡಿಸಿದ ಚೀನೋಪೋಡಿಯಂ ಎಣ್ಣೆಯೂ ಗಿಡದ್ದೇ. ವಿಷವೇರಿ ಜನ ಸತ್ತಿದ್ದಾರೆ. ಅದನ್ನೂ ಹೇಳಿದೆ. "ನೆಗೆಟಿವ್ ಮಾತಾಡಬೇಡಿ" ಎಂಬ ಉತ್ತರ ಬಂತು.

ಬಾಟಲಿಯ ಲೇಬಲ್ ಡಿಸೈನ್ ಆ ವಾರವೇ ಬಂತು, ಹಸಿರು ಎಲೆ ಸಮೇತ. ಪ್ಲಾಸ್ಟಿಕ್ ಪ್ಲೇಟಿನ ಬದಲು ಬೇಕೆಂದು ಗಾಜಿನ ವಯಲ್‌ಗಳಿಗೆ (ಪುಟ್ಟ ಶೀಶೆಗಳಿಗೆ) ಹಾಕಿದ ಇಂಡೆಂಟ್ ಇನ್ನೂ ಅಕೌಂಟ್ಸ್ ಸೆಕ್ಷನ್‌ನಲ್ಲಿದೆ.