ಹುಳುಮನೆಗೆ ಯಾವ ಲೆನ್ಸ್? ಒಂದು ರೇಷ್ಮೆ ಬೆಳೆಯ ಚಿತ್ರೀಕರಣದ ದಿನಚರಿ

ಹುಳು ಬರುವುದಕ್ಕೆ ಒಂದು ವಾರ ಮುಂಚೆ

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿ ನನ್ನ ಸೋದರಮಾವನ ಊರು. ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು, ಮನೆಗೆ ಬಂದ ದಿನದಿಂದ ಗೂಡು ಮಾರುಕಟ್ಟೆ ಸೇರುವವರೆಗೆ ಮಾವನ ಒಂದು ಬೆಳೆಯನ್ನು ಕಿರು ಸಾಕ್ಷ್ಯಚಿತ್ರವಾಗಿ ಹಿಡಿಯಬೇಕೆಂದು ಹೊರಟಿದ್ದೇನೆ. ಧ್ವನಿ ನೋಡಿಕೊಳ್ಳಲು ಚಿಕ್ಕಮ್ಮನ ಮಗ ಬರುತ್ತಾನೆ, ನನಗೆ ತಮ್ಮನಾಗಬೇಕು. ಉಳಿದದ್ದೆಲ್ಲ ನಾನೇ. ಕೈಯಲ್ಲಿರುವುದು ಸಣ್ಣ ಸೆನ್ಸರಿನ ಹಳೆಯ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ, ಅದರೊಂದಿಗೆ ಬಂದ 14–42 ಜೂಮ್ ಮತ್ತು 25 ಮಿ.ಮೀ ಎಫ್ 1.7 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು). ಇನ್ನೊಂದೆರಡು ಲೆನ್ಸಿಗೆ ದುಡ್ಡು ಕೂಡಿಸಿದ್ದೇನೆ. ಯಾವುದನ್ನು ಕೊಳ್ಳಬೇಕು ಎನ್ನುವುದೇ ಈ ವಾರದ ಪ್ರಶ್ನೆ.

ಕೇಳಿದವರೆಲ್ಲ ‘50 ಮಿ.ಮೀ ತೆಗೆದುಕೋ’ ಎಂದರು. ಜಪಾನಿನ ನಿರ್ದೇಶಕ ಯಸುಜಿರೊ ಒಜು 50 ಮಿ.ಮೀ ಲೆನ್ಸನ್ನೇ ನೆಚ್ಚಿಕೊಂಡಿದ್ದರು ಎಂಬ ಮಾತೂ ಬಂತು. ಅದು ನಿಜ. ಆದರೆ ಅವರ ಫಿಲ್ಮಿನ ಚೌಕಟ್ಟಿನ ಅಗಲ ಸುಮಾರು 22 ಮಿ.ಮೀ. ಫುಲ್ ಫ್ರೇಮ್ ಸ್ಟಿಲ್ ಕ್ಯಾಮೆರಾದ್ದು 36. ನನ್ನದು 17.3. ಶಾಲೆಯಲ್ಲಿ ‘ಸಂಗಮ ದೂರ’ ಎಂದು ಓದಿದ ಆ ಮಿ.ಮೀ ಲೆನ್ಸಿನ ಗುಣ. ಅದರಿಂದ ಎಷ್ಟು ಜಾಗ ಕಾಣುತ್ತದೆ ಎನ್ನುವುದು ಹಿಂದೆ ಕುಳಿತಿರುವ ಸೆನ್ಸರಿನ ಅಗಲವನ್ನೂ ಕೇಳುತ್ತದೆ.

ಮನೆಯ ಹಜಾರದ ಗೋಡೆಗೆ ಟೇಪು ಹಿಡಿದು ಅಳೆದೆ. ಲೆಕ್ಕ ಸುಲಭ: ಸೆನ್ಸರಿನ ಅಗಲವನ್ನು ಲೆನ್ಸಿನ ಮಿ.ಮೀಯಿಂದ ಭಾಗಿಸಿ, ಎದುರಿನ ದೂರದಿಂದ ಗುಣಿಸಿದರೆ ಚೌಕಟ್ಟಿನೊಳಗೆ ಹಿಡಿಸುವ ಅಗಲ ಬರುತ್ತದೆ. 25 ಮಿ.ಮೀಗೆ ಹತ್ತು ಅಡಿ ದೂರದಲ್ಲಿ 6 ಅಡಿ 11 ಇಂಚು ಬರಬೇಕಿತ್ತು. ಫುಲ್ ಎಚ್‌ಡಿಯಲ್ಲಿ ಸರಿಯಾಗಿ ಅಷ್ಟೇ ಬಂತು. 4ಕೆಗೆ ಬದಲಾಯಿಸಿದರೆ 5 ಅಡಿ 9 ಇಂಚಿಗೆ ಇಳಿಯಿತು! ನನ್ನ ಸೆನ್ಸರ್ ಅಡ್ಡಕ್ಕೆ 4592 ಪಿಕ್ಸೆಲ್. 4ಕೆ ವಿಡಿಯೊ ಅದರ ನಡುವಿನ 3840 ಪಿಕ್ಸೆಲ್‌ಗಳನ್ನು ಮಾತ್ರ ಬಳಸುತ್ತದೆ. ಅಂದರೆ ಸೆನ್ಸರಿನ ಅಗಲ 14.5 ಮಿ.ಮೀಗೆ ಕುಗ್ಗಿದ ಹಾಗೆ. ಇದು ಗೊತ್ತಾದದ್ದು ಒಂದು ಲೆನ್ಸ್ ಪುಕ್ಕಟೆಯಾಗಿ ಸಿಕ್ಕಂತೆ, ಏಕೆಂದರೆ ಒಂದು ಗುಂಡಿ ಒತ್ತಿದರೆ 25 ಸುಮಾರು 30ರಂತೆ ನೋಡುತ್ತದೆ. ಆ 50 ಮಿ.ಮೀ ಮಾತ್ರ ನನಗೆ 4ಕೆಯಲ್ಲಿ ಹತ್ತು ಅಡಿಯಿಂದ ಮೂರಡಿಯನ್ನೂ ತುಂಬಿ ತೋರಿಸುವುದಿಲ್ಲ. ಒಜು ಅವರ ನೋಟ ಬೇಕಾದರೆ ನಾನು ಹಾಕಬೇಕಾದದ್ದು 33.

ಖಾಲಿ ಹುಳುಮನೆ

ಟೇಪು ಹಿಡಿದು ಮಾವನ ಹುಳುಮನೆಗೆ ಹೋದೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರು. ಕಾಲು ಅದ್ದದೆ ಒಳಗೆ ಬಿಡುವುದಿಲ್ಲ. ಮನೆಯ ಅಗಲ 18 ಅಡಿ. ಹುಳು ಸಾಕುವ ಐದೈದು ಅಡಿಯ ಎರಡು ಸಾಲು ಸ್ಟ್ಯಾಂಡ್, ನಡುವೆ ನಾಲ್ಕು ಅಡಿ ಓಣಿ, ಎರಡೂ ಗೋಡೆಗಳ ಪಕ್ಕ ಎರಡೆರಡು ಅಡಿ. ಮಾವ ದಿನವೆಲ್ಲ ಓಡಾಡುವುದು ಆ ನಾಲ್ಕು ಅಡಿಯಲ್ಲಿ. ನಾನು ಎದುರಿನ ಸ್ಟ್ಯಾಂಡಿಗೆ ಬೆನ್ನು ಹಚ್ಚಿ ನಿಂತರೂ ಲೆನ್ಸಿನಿಂದ ಅವರ ಕೈಗೆ ಮೂರೂವರೆ ಅಡಿಗಿಂತ ಹೆಚ್ಚು ಸಿಗುವುದಿಲ್ಲ. 25 ಮಿ.ಮೀಯಲ್ಲಿ 4ಕೆ ಇಟ್ಟರೆ ಎರಡಡಿ ಅಗಲ. ಮುಖ ಸಿಕ್ಕರೆ ಕೈ ಇಲ್ಲ, ಕೈ ಸಿಕ್ಕರೆ ಸೊಪ್ಪಿಲ್ಲ. 14 ಮಿ.ಮೀಗೆ ಫುಲ್ ಎಚ್‌ಡಿ ಸೇರಿಸಿದರೆ ನಾಲ್ಕು ಅಡಿ ನಾಲ್ಕು ಇಂಚು. ಮಾವ, ಅವರ ಕೈ, ಕಡ್ಡಿ ಸಮೇತದ ಹಿಪ್ಪುನೇರಳೆ ಸೊಪ್ಪು ಮೂರೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ.

ಜೂಮ್‌ನಲ್ಲಿಯೇ 14 ಇದೆಯಲ್ಲ ಎಂದು ಇನ್ನೊಂದನ್ನು ಕೊಳ್ಳದೆ ಬಿಡಬಹುದಿತ್ತು. ಬೆಳಕು ಬಿಡಲಿಲ್ಲ.

ಚಾಕಿ ಬಂದ ದಿನ

ಎರಡನೇ ಜ್ವರ, ಅಂದರೆ ತಿನ್ನುವುದು ಬಿಟ್ಟು ಪೊರೆ ಕಳಚುವ ಹಂತ, ದಾಟಿ ಎದ್ದ ಹುಳು ಬಂದವು. ಹುಳುವಿನ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ನುಗ್ಗದಂತೆ ಕಿಟಕಿ ಬಾಗಿಲಿಗೆಲ್ಲ ಜಾಲರಿ ಬಿಗಿದಿರುವುದರಿಂದ ನಡುಮಧ್ಯಾಹ್ನವೂ ಒಳಗೆ ಸಂಜೆಯ ಬೆಳಕು. ನಾನು ಎಲ್‌ಇಡಿ ದೀಪ ತೆಗೆಯುತ್ತಿದ್ದಂತೆ ಮಾವ ತಡೆದರು. “ಹುಳುವಿನ ಮುಖಕ್ಕೆ ಅದನ್ನು ಹಿಡಿಯಬೇಡ. ಅವಕ್ಕೆ ಜೋರು ಬೆಳಕು ಆಗುವುದಿಲ್ಲ. ಸೊಳ್ಳೆ ಔಷಧಿ ಬಳಿದುಕೊಂಡು ಬಂದಿಲ್ಲ ತಾನೇ?” ಬಂದಿರಲಿಲ್ಲ. ದೀಪವನ್ನು ಚೀಲಕ್ಕೆ ಸೇರಿಸಿದೆ. ಈ ಚಿತ್ರಕ್ಕೆ ಅದು ಇನ್ನು ಬೇಡ.

ಸೆಕೆಂಡಿಗೆ 25 ಫ್ರೇಮು, ಶಟರ್ 1/50. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಮಿನುಗದಿರಲು ಇದು ಹೊಂದುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಂಕಿ, 1600 ದಾಟಿದರೆ ನನ್ನ ಕ್ಯಾಮೆರಾದಲ್ಲಿ ಕತ್ತಲ ಭಾಗಗಳು ಕೊಳಕಾಗುತ್ತವೆ. ಈ ಮಿತಿಯಲ್ಲಿ ಓಣಿಯ ನಡುವೆ ಎಫ್ 2.5 ಸರಿಹೋಯಿತು. ಜೂಮ್‌ನ ಅಗಲದ ತುದಿ ಎಫ್ 3.5, ಅಂದರೆ ಬೆಳಕು ಅರ್ಧ. ಉದ್ದದ ತುದಿ 5.6, ಅಲ್ಲಿ ಉಳಿಯುವುದು ಐದನೇ ಒಂದು ಪಾಲು. 14 ಮಿ.ಮೀ ಎಫ್ 2.5 ಮತ್ತು 45 ಮಿ.ಮೀ ಎಫ್ 1.8, ಎರಡನ್ನೂ ಹಳೆಯದರಲ್ಲೇ ಹುಡುಕಿ ಕೊಂಡೆ. ದುಡ್ಡು ಅಲ್ಲಿಗೆ ಮುಗಿಯಿತು.

ಮೂರನೇ ಜ್ವರದಿಂದ ನಾಲ್ಕನೆಯದರವರೆಗೆ

14ರಲ್ಲಿ ಮಾವನ ಮುಖ ಹಿಡಿಯಲು ಎರಡಡಿ ಹತ್ತಿರ ಹೋದೆ. ಮೂಗು ಮುಂದಕ್ಕೆ ಬಂತು, ಕಿವಿಗಳು ಹಿಂದೆ ಸರಿದವು. ಮೂವತ್ತು ವರ್ಷ ಈ ಕೆಲಸ ಮಾಡಿದವರ ಮುಖವನ್ನು ಹಾಗೆ ತೋರಿಸಲು ನನಗೆ ಮನಸ್ಸಿಲ್ಲ. ಇದು ಲೆನ್ಸಿನ ದೋಷವೂ ಅಲ್ಲ. ಎರಡಡಿ ಹತ್ತಿರದಿಂದ ನೋಡಿದರೆ ಯಾವ ಮುಖವೂ ಹಾಗೆಯೇ. ನಾವು ನಿಲ್ಲುವ ಜಾಗ ಅದನ್ನು ತೀರ್ಮಾನಿಸುತ್ತದೆ. ದೂರ ಹೋಗಬೇಕು, ಆದರೆ ಓಣಿ ನಾಲ್ಕೇ ಅಡಿ.

ಎರಡು ದಿನ ಇದೇ ತಲೆಯಲ್ಲಿತ್ತು. ಮೂರನೆಯ ದಿನ ನನ್ನ ತಮ್ಮ ಮೈಕಿನ ಕೋಲು ಹಿಡಿದು ಓಣಿಯ ಆ ತುದಿಯಲ್ಲಿ ನಿಂತಿದ್ದಾಗ ಹೊಳೆಯಿತು: ಓಣಿ ಅಡ್ಡಕ್ಕೆ ನಾಲ್ಕು ಅಡಿಯಾದರೂ ಉದ್ದಕ್ಕೆ ಐವತ್ತು ಅಡಿ ಇದೆ. 45 ಹಾಕಿಕೊಂಡು ಆರಡಿ ದೂರದಲ್ಲಿ ಕುಳಿತೆ. 4ಕೆಯಲ್ಲಿ ಸುಮಾರು ಎರಡಡಿ ಅಗಲ, ಮುಖ ಮತ್ತು ಭುಜ. ಹಿಂದೆ ಸ್ಟ್ಯಾಂಡುಗಳ ಎರಡು ಸಾಲೂ ಮಸುಕಾಗಿ ಕೂಡಿಕೊಂಡವು. ಅಂದಿನಿಂದ ನಮ್ಮಿಬ್ಬರ ನಡುವೆ ಇರುವುದು ಒಂದೇ ಮಾತು: ಅಡ್ಡಕ್ಕೆ 14, ಉದ್ದಕ್ಕೆ 45.

25 ಕ್ರಮೇಣ ಚೀಲದಲ್ಲೇ ಉಳಿಯಿತು. ಅದರ ಮೇಲೆ ನನಗೆ ತುಂಬಾ ಪ್ರೀತಿ. ಸಣ್ಣ ಸೆನ್ಸರಿನ ದೊಡ್ಡ ಉಪಕಾರವನ್ನು ತೋರಿಸಿಕೊಟ್ಟದ್ದು ಅದೇ. ಎಫ್ 1.7ರಲ್ಲಿ ಆರೂವರೆ ಅಡಿ ದೂರದ ಮನುಷ್ಯನಿಗೆ ಸುಮಾರು ಒಂದು ಅಡಿ ಆಳದವರೆಗೆ ಫೋಕಸ್ ಸಿಗುತ್ತದೆ. ಅದೇ ನೋಟಕ್ಕೆ ಫುಲ್ ಫ್ರೇಮ್‌ನಲ್ಲಿ 50 ಮಿ.ಮೀ ಹಾಕಿ ಅದೇ ಎಫ್ 1.7 ಇಟ್ಟರೆ ಅದರ ಅರ್ಧ. ಫೋಕಸ್ ಎಳೆಯಲು ಬೇರೆ ಆಳಿಲ್ಲದ ನನ್ನಂಥವನಿಗೆ ಆ ಒಂದು ಅಡಿ ಬಹಳ ದೊಡ್ಡದು. ಆದರೂ ರಾತ್ರಿ ಎಡಿಟಿಂಗ್‌ಗೆ ಕುಳಿತಾಗ 25ರ ತುಣುಕು 14ರ ಪಕ್ಕಕ್ಕೂ ಕೂಡಲಿಲ್ಲ, 45ರ ಪಕ್ಕಕ್ಕೂ ಕೂಡಲಿಲ್ಲ. ಒಂದೇ ನೋಟ ಸ್ವಲ್ಪ ಜರುಗಿದಂತೆ ಕಂಡಿತು. 14ರಿಂದ ನೇರ 45ಕ್ಕೆ ಹಾರಿದರೆ ಕಣ್ಣು ತಕರಾರು ಮಾಡುವುದಿಲ್ಲ.

ನಾಲ್ಕನೇ ಜ್ವರದ ದಿನ ಹುಳು ತಿನ್ನುವುದಿಲ್ಲ, ತಲೆ ಎತ್ತಿ ಕದಲದೆ ನಿಲ್ಲುತ್ತವೆ. ಮಾವ ಸುಣ್ಣದ ಪುಡಿ ಎರಚಿ ಹೊರಗೆ ಹೋದರು. ನಾನು 45ರ ಹಿಂದೆ 10 ಮಿ.ಮೀ ಎಕ್ಸ್‌ಟೆನ್ಷನ್ ಟ್ಯೂಬ್ ಸಿಕ್ಕಿಸಿ ಅಭ್ಯಾಸ ಮಾಡಿದೆ. ಒಳಗೆ ಗಾಜಿಲ್ಲದ ಬರಿಯ ಕೊಳವೆ ಅದು, ಲೆನ್ಸನ್ನು ಮುಂದೆ ಸರಿಸಿ ತೀರಾ ಹತ್ತಿರದ್ದಕ್ಕೆ ಫೋಕಸ್ ಸಿಗುವಂತೆ ಮಾಡುತ್ತದೆ. ಅದರೊಂದಿಗೆ ಚೌಕಟ್ಟಿಗೆ ಹಿಡಿಸುವುದು ನಾಲ್ಕೂವರೆ ಸೆಂಟಿಮೀಟರ್. 16ರ ಟ್ಯೂಬ್‌ನಲ್ಲಿ ಸುಮಾರು ಮೂರು.

ತೋಟದಲ್ಲಿ ಒಂದು ಬೆಳಗ್ಗೆ

ಅತ್ತೆ ಸೊಪ್ಪು ಕೊಯ್ಯುವಾಗ ಪಡುವಣಕ್ಕೆ ನಂದಿಬೆಟ್ಟ ತಿಳಿಯಾಗಿ ಕಂಡಿತು. 14ರಲ್ಲಿ ನಾಲ್ಕು ಅಡಿಯಿಂದ ತೆಗೆದರೆ ಬೆಟ್ಟ ಒಂದು ಗೆರೆ. 45 ಹಾಕಿ ಅತ್ತೆ ಅಷ್ಟೇ ದೊಡ್ಡದಾಗಿ ಕಾಣುವಂತೆ ಹದಿಮೂರು ಅಡಿ ದೂರಕ್ಕೆ ಸರಿದಾಗ ಬೆಟ್ಟ ಮೂರು ಪಟ್ಟು ಬೆಳೆದು ಅವರ ಭುಜದ ಹಿಂದೆ ಬಂದು ನಿಂತಿತು. ಚಿತ್ರ ಶುರುವಾಗುವುದು ಈ ನೋಟದಿಂದಲೇ.

ಹುಳು ಹಣ್ಣಾದ ದಿನ

ಮನೆಯವರು, ಅಕ್ಕಪಕ್ಕದವರು ಎಲ್ಲ ಸೇರಿ ನೂಲು ಬಿಡಲು ಸಿದ್ಧವಾದ ಹಣ್ಣು ಹುಳು ಆರಿಸಿ, ಅವು ಗೂಡು ಕಟ್ಟುವ ಚಂದ್ರಿಕೆ ಎಂಬ ತಟ್ಟೆಗೆ ಬಿಡುವ ದಿನ. ಕೆಲಸ ಓಡುತ್ತಿತ್ತು, ನಾನೂ ಓಡುತ್ತಿದ್ದೆ. ಚಪ್ಪರದ ನೆರಳಿನಲ್ಲಿ ಬೆಳಕು ಚೆನ್ನಾಗಿದ್ದುದರಿಂದ ಟ್ಯೂಬ್ ಹಾಕಿದ 45ನ್ನು ಎಫ್ 5.6ಕ್ಕೆ ಇಳಿಸಲು ಸಾಧ್ಯವಾಯಿತು. ಆಗಲೂ ಫೋಕಸ್ ಸಿಗುವ ಆಳ ಎರಡು ಮಿ.ಮೀ ಅಷ್ಟೇ. ನೂಲು ಬಿಡುವ ಹುಳು ತಲೆಯನ್ನು ಒಂದೇ ಸಮನೆ ಆಡಿಸುತ್ತದೆ. ಎದುರಿನಿಂದ ಹಿಡಿದಾಗ ಪ್ರತಿ ಸಲ ಮಸುಕಾಯಿತು. ತಲೆ ನನ್ನ ಕಡೆಗೆ ಬರದೆ ಎಡಬಲಕ್ಕೆ ಆಡುವಂತೆ ಪಕ್ಕಕ್ಕೆ ಕುಳಿತ ಮೇಲೆ ನೂಲಿನ ಎಳೆ ಸ್ಪಷ್ಟವಾಗಿ ಬಂತು. ನಲವತ್ತು ಸೆಕೆಂಡ್. ಈ ಇಡೀ ಬೆಳೆಯಲ್ಲಿ ನನಗೆ ಅತಿ ಪ್ರಿಯವಾದ ತುಣುಕು ಇದು.

ಆದರೆ ಅದಕ್ಕೆ ಬೆಲೆ ತೆತ್ತೆ. ಬೆಳಗ್ಗೆ ಅತ್ತೆ ಮೊದಲ ಹಣ್ಣು ಹುಳುವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಾಗ ಕ್ಯಾಮೆರಾದಲ್ಲಿ ಟ್ಯೂಬ್ ಇತ್ತು. ಬಿಚ್ಚಿ ಲೆನ್ಸ್ ಬದಲಿಸುವಷ್ಟರಲ್ಲಿ ಅವರು ಬುಟ್ಟಿಗೆ ಹಾಕಿ ಮುಂದಿನದಕ್ಕೆ ಕೈ ಚಾಚಿದ್ದರು. ಮತ್ತೊಮ್ಮೆ ಮಾಡಿ ಎಂದು ಕೇಳಲು ಬಾಯಿ ಬರಲಿಲ್ಲ.

ಶಿಡ್ಲಘಟ್ಟದ ಮಾರುಕಟ್ಟೆ

ಅನುಮತಿ ಪಡೆದು ಹೋದೆವು. ಜನ, ಗೂಡಿನ ರಾಶಿ, ಹಿಂದೆ ಸರಿಯಲು ಜಾಗವಿಲ್ಲ. 14 ಒಂದೇ ಸಾಕಾಯಿತು. ಹರಾಜಿನ ಬೆಲೆ ತಿಳಿದ ಕ್ಷಣ ಮಾವನ ಮುಖಕ್ಕೆ ಮಾತ್ರ ಎರಡು ಲಾಟುಗಳ ನಡುವಿನ ಸಂದಿಯಲ್ಲಿ ಉದ್ದಕ್ಕೆ ಕುಳಿತು 45 ಹಾಕಿದೆ.

ಬಾಗಿಲ ನೋಟ ಕೈತಪ್ಪಿದ ವಿಷಯವನ್ನು ಅತ್ತೆಗೆ ಹೇಳಿದೆ. “ಅದಕ್ಕೇನು, ಮುಂದಿನ ಬೆಳೆಗೂ ಅಲ್ಲೇ ನಿಂತು ನೋಡುತ್ತೇನೆ, ಬಾ” ಎಂದರು. ತೋಟ ಸವರಿದ್ದಾರೆ, ಸೊಪ್ಪು ಬರಲು ಇನ್ನೆರಡು ತಿಂಗಳು. ಬಾಗಿಲಿನಿಂದ ಮೂರೂವರೆ ಅಡಿ, 14 ಮಿ.ಮೀ, ಫುಲ್ ಎಚ್‌ಡಿ, ಎಫ್ 2.5 ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಟ್ಯೂಬ್ ಆ ಹೊತ್ತಿನಲ್ಲಿ ತಮ್ಮನ ಜೇಬಿನಲ್ಲಿರುತ್ತದೆ.