ಇಪ್ಪತ್ತೊಂದು ತಿರುವುಗಳ ಆಚೆ: ಫ್ರಾನ್ಸಿನ ವಾಜಾನ್ ಕಣಿವೆಯಲ್ಲಿ ಸೈಕಲ್ ಸವಾರಿ

ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ನಡುವೆ ಬೂರ್ ದ್ವಾಜಾನ್ ಎಂಬ ಪುಟ್ಟ ಪಟ್ಟಣವಿದೆ. ಇಲ್ಲಿಗೆ ಸೈಕಲ್ ತರುವವರಲ್ಲಿ ಹೆಚ್ಚಿನವರು ಬರುವುದು ಒಂದೇ ರಸ್ತೆಗಾಗಿ. ಅದು ಆಲ್ಪ್ ದ್ಯುಎಜ್‌ನ ಏರು. ಹತ್ತುತ್ತಾರೆ, ಮೇಲೆ ಫೋಟೊ ತೆಗೆಸಿಕೊಳ್ಳುತ್ತಾರೆ, ಇಳಿದು ಹೊರಟುಬಿಡುತ್ತಾರೆ. ಆ ಏರು ದೊಡ್ಡದೇ, ಅನುಮಾನವಿಲ್ಲ. ಆದರೆ ಸುತ್ತಲಿನ ಉಳಿದ ರಸ್ತೆಗಳನ್ನೂ ತುಳಿದ ಮೇಲೆ ಹೇಳುತ್ತೇನೆ: ಈ ಸೀಮೆಯ ಅತಿ ಚೆಂದದ ರಸ್ತೆಗಳು ಬೇರೆಯೇ ಇವೆ.

ಪಟ್ಟಣ ಗ್ರೆನೋಬ್ಲ್ ನಗರದಿಂದ ಸುಮಾರು 50 ಕಿಲೋಮೀಟರ್ ದೂರ, ರೊಮಾಂಶ್ ನದಿಯ ಕಣಿವೆಯಲ್ಲಿದೆ. ಗ್ರೆನೋಬ್ಲ್‌ನಲ್ಲಿ ಕೆಲಸದಲ್ಲಿರುವ ನನ್ನ ಗೆಳೆಯ ಸಾಗರದ ಕಡೆಯವನು. ಅವನೇ ನನಗೆ ದಾರಿ ತೋರಿಸಿದವನು. ಮೊದಲು ಕಣ್ಣಿಗೆ ಬೀಳುವುದು ಪಟ್ಟಣದ ಸುತ್ತಲಿನ ನೆಲ. ಎಲ್ಲ ಕಡೆ ಕಡಿದಾದ ಬೆಟ್ಟ, ನಡುವೆ ಮಾತ್ರ ಗದ್ದೆಬಯಲಿನ ಹಾಗೆ ಸಮತಟ್ಟು. ಇದಕ್ಕೆ ಕಾರಣವಿದೆ. 1191ರಲ್ಲಿ ಬೆಟ್ಟ ಕುಸಿದು ನದಿಗೆ ಅಡ್ಡ ಬಿತ್ತು, ಇಡೀ ಬಯಲು ಕೆರೆಯಾಯಿತು. 1219ರಲ್ಲಿ ಆ ಕಲ್ಲುಮಣ್ಣಿನ ಕಟ್ಟೆ ಒಡೆದು, ನೀರು ಗ್ರೆನೋಬ್ಲ್‌ವರೆಗೂ ನುಗ್ಗಿ ಊರನ್ನೇ ಮುಳುಗಿಸಿತು. ಈಗ ಅದೇ ಬಯಲಿನಲ್ಲಿ ಬೆಳಿಗ್ಗೆ ಸೈಕಲ್ ಸವಾರರು ಕಾಲು ಸಡಿಲ ಮಾಡಿಕೊಳ್ಳುತ್ತಾರೆ. ಯಾಕೆಂದರೆ ಬಯಲು ಮುಗಿದ ಕೂಡಲೇ ಏರು ಶುರು. ನಡುವೆ ಪೀಠಿಕೆಯೇ ಇಲ್ಲ.

ಆಲ್ಪ್ ದ್ಯುಎಜ್ ಏರು 13.8 ಕಿಲೋಮೀಟರ್ ಉದ್ದ, ಸರಾಸರಿ ಶೇಕಡಾ 8ರಷ್ಟು ಚಡಾವು. ಮೊದಲ ಎರಡು ಕಿಲೋಮೀಟರ್‌ಗಳೇ ಜಾಸ್ತಿ ಕಷ್ಟ, ಅಲ್ಲಿ ಚಡಾವು ಶೇಕಡಾ 10ರ ಆಸುಪಾಸು. ನಾನು ಹುರುಪಿನಲ್ಲಿ ಪೆಡಲ್ ಒತ್ತುತ್ತಿದ್ದಾಗ ಹಿಂದಿನಿಂದ ಗೆಳೆಯ ಕೂಗಿದ, “ನಿಧಾನ ಮಾರಾಯ, ಇನ್ನೂ ಹನ್ನೆರಡು ಕಿಲೋಮೀಟರ್ ಉಂಟು.” ಹೇರ್‌ಪಿನ್ ತಿರುವುಗಳಿಗೆ ಕೆಳಗಿನಿಂದ 21, 20, 19 ಎಂದು ಇಳಿಯುವ ಸಂಖ್ಯೆ ಕೊಟ್ಟಿದ್ದಾರೆ. ಪ್ರತಿ ತಿರುವಿನ ಫಲಕದಲ್ಲೂ, ಹಲವು ದಿನ ನಡೆಯುವ ಟೂರ್ ದ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಇಲ್ಲಿ ಗೆದ್ದವರ ಹೆಸರಿದೆ. ಮೊದಲ ಬಾರಿಗೆ ರೇಸ್ ಇಲ್ಲಿಗೆ ಬಂದದ್ದು 1952ರಲ್ಲಿ, ಗೆದ್ದವನು ಇಟಲಿಯ ಫೌಸ್ತೊ ಕೊಪ್ಪಿ. ಹಾಗಾಗಿ ಅವನ ಹೆಸರು ಕೆಳಗಿನ 21ನೇ ತಿರುವಿನಲ್ಲೇ ಸಿಗುತ್ತದೆ. 7ನೇ ತಿರುವು ನೆದರ್ಲೆಂಡ್ಸ್‌ನ ಅಭಿಮಾನಿಗಳದ್ದು. ರೇಸಿನ ದಿನ ಅಲ್ಲಿ ಕಿತ್ತಳೆ ಬಣ್ಣದ ಜನಸಾಗರ ಸೇರುತ್ತದೆ.

ನನಗೆ ಹೆಚ್ಚು ನೆನಪಾದದ್ದು 2024ರ ಹೆಂಗಸರ ಟೂರ್. ಕೊನೆಯ ದಿನದ ರೇಸ್ ಗ್ಲಾಂದೋನ್ ಘಾಟಿ ದಾಟಿ ಬಂದು ಇಲ್ಲೇ ಮುಗಿಯಿತು. ನೆದರ್ಲೆಂಡ್ಸ್‌ನ ಡೆಮಿ ವೊಲ್ಲರಿಂಗ್ ಗ್ಲಾಂದೋನ್ ಏರಿನಲ್ಲೇ ದಿಢೀರನೆ ವೇಗ ಹೆಚ್ಚಿಸಿ ಮುನ್ನುಗ್ಗಿ, ಆ ದಿನದ ರೇಸನ್ನೂ ಗೆದ್ದಳು. ಆದರೂ ಎಲ್ಲ ದಿನಗಳ ಒಟ್ಟು ಸಮಯದ ಲೆಕ್ಕದಲ್ಲಿ ಇಡೀ ಟೂರ್ ಪೋಲೆಂಡಿನ ಕಾಶಾ ನಿಯೆವ್ಯಾದೊಮಾ ಪಾಲಾಯಿತು, ಬರೀ 4 ಸೆಕೆಂಡ್ ಅಂತರದಲ್ಲಿ. ಕೊನೆಯ ತಿರುವುಗಳಲ್ಲಿ ಉಸಿರು ಸಿಗದೆ ಒದ್ದಾಡುವಾಗ ಆ 4 ಸೆಕೆಂಡ್ ಎಂದರೆ ಏನೆಂದು ಮೈಗೇ ಗೊತ್ತಾಗುತ್ತದೆ.

ಇನ್ನು ನಾನು ಹೇಳಬೇಕೆಂದಿರುವ ರಸ್ತೆ. ಇದೇ ಏರಿನಲ್ಲಿ 16ನೇ ತಿರುವಿನ ಹತ್ತಿರ ಲಾ ಗಾರ್ಡ್ ಎಂಬ ಹಳ್ಳಿ ಬರುತ್ತದೆ. ಎಲ್ಲರೂ ಎಡಕ್ಕೆ ತಿರುಗಿ ಮೇಲೆ ಹೋಗುತ್ತಾರೆ. ಬಲಕ್ಕೆ ಒಂದು ಸಣ್ಣ ರಸ್ತೆ ಓರಿಸ್ ಕಡೆಗೆ ಹೊರಡುತ್ತದೆ. ಬಂಡೆಯ ಗೋಡೆಯನ್ನು ಕಡಿದು ಮಾಡಿದ ದಾರಿ ಅದು. ಒಂದು ಪಕ್ಕ ತಲೆಯ ಮೇಲೆ ಬಾಗಿದ ಕಲ್ಲು, ಇನ್ನೊಂದು ಪಕ್ಕ ಮೊಣಕಾಲೆತ್ತರದ ಗೋಡೆ, ಅದರಾಚೆ ನೂರಾರು ಮೀಟರ್ ಕೆಳಗೆ ರೊಮಾಂಶ್. ಬೂರ್ ದ್ವಾಜಾನ್‌ನ ಮನೆಗಳ ಮಾಡುಗಳನ್ನು ಎಣಿಸಬಹುದು. ನಾವು ಹೋದ ಬೆಳಿಗ್ಗೆ ಎದುರಿಗೆ ಬಂದದ್ದು ಒಂದು ಅಂಚೆ ವ್ಯಾನ್ ಮಾತ್ರ. ಎತ್ತರಕ್ಕೆ ಹೆದರುವವರು ಬಂಡೆಯ ಪಕ್ಕಕ್ಕೇ ಅಂಟಿಕೊಂಡು ಹೋಗುವುದು ಒಳ್ಳೆಯದು. ಆದರೆ ಬಿಡಬೇಡಿ. ಇಡೀ ಪ್ರವಾಸದಲ್ಲಿ ಒಂದೇ ರಸ್ತೆ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಆ ದಾರಿ ಲ ಫ್ರೆನೆ ಊರಿನ ಕಡೆ ಇಳಿಯುತ್ತದೆ. ಅಲ್ಲಿಂದ ಸ್ವಲ್ಪ ಏರಿದರೆ ಶಾಂಬೋನ್ ಅಣೆಕಟ್ಟು. 1930ರ ದಶಕದಲ್ಲಿ ಕಟ್ಟಿದ್ದು. ನೀರು ತುಂಬಿದಾಗ ಕೆಲವು ಪುಟ್ಟ ಹಳ್ಳಿಗಳು ಮುಳುಗಿಹೋದವು. ಗೆಳೆಯ ಅಲ್ಲಿ ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದ. ಲಿಂಗನಮಕ್ಕಿ ಹಿನ್ನೀರಿನ ಕಥೆ ಕೇಳುತ್ತಾ ಬೆಳೆದವನಿಗೆ ಕೆರೆ ಸುಮ್ನೆ ಕೆರೆಯಾಗಿ ಕಾಣುವುದಿಲ್ಲ, ಅಲ್ವಾ? 2015ರಲ್ಲಿ ಇದೇ ಕೆರೆಯ ಪಕ್ಕದ ಗುಡ್ಡ ಜಾರಿ, ಹೆದ್ದಾರಿಯ ಸುರಂಗ ಮುಚ್ಚಬೇಕಾಯಿತು. ಆ ವರ್ಷದ ಟೂರ್ ಕೂಡ ಗಾಲಿಬಿಯೇ ಘಾಟಿಯನ್ನು ಕೈಬಿಟ್ಟು ಬೇರೆ ದಾರಿ ಹಿಡಿಯಿತು.

ಕೆರೆಯಿಂದ ಮಿಝೋಯೆನ್ ಮೂಲಕ ಹೋದರೆ 1999 ಮೀಟರ್ ಎತ್ತರದ ಸಾರೆನ್ ಘಾಟಿ. ಅದನ್ನು ದಾಟಿದರೆ ಆಲ್ಪ್ ದ್ಯುಎಜ್‌ನ ಬೆನ್ನ ಹಿಂದೆ ತಲುಪುತ್ತೀರಿ. ಹಲವರು ಇದನ್ನು ಉಲ್ಟಾ ಮಾಡುತ್ತಾರೆ, ಅಂದರೆ ಆ ಕಡೆಯಿಂದ ಬಂದು ಇಲ್ಲಿ ಇಳಿಯುತ್ತಾರೆ. ನನ್ನ ಸಲಹೆ, ಕೆರೆಯ ಕಡೆಯಿಂದ ಹತ್ತಿ. ರಸ್ತೆ ಕಿರಿದು, ಡಾಂಬರು ಅಲ್ಲಲ್ಲಿ ಕಿತ್ತಿದೆ, ಇಳಿಜಾರಿನಲ್ಲಿ ತಡೆಗೋಡೆಯೂ ಕಡಿಮೆ. 2013ರಲ್ಲಿ ಟೂರ್ ಒಂದೇ ದಿನ ಆಲ್ಪ್ ದ್ಯುಎಜ್ ಅನ್ನು ಎರಡು ಸಲ ಹತ್ತಿಸಿತು. ನಡುವೆ ಇಳಿದದ್ದು ಈ ಘಾಟಿಯಿಂದಲೇ. ಮೇಲೆ ಅಂಗಡಿಯಿಲ್ಲ, ಹೋಟೆಲಿಲ್ಲ. ಹುಲ್ಲು, ಕುರಿಗಳು, ಬಿಲದಿಂದ ಇಣುಕಿ ಶಿಳ್ಳೆ ಹೊಡೆಯುವ ಮಾರ್ಮಟ್‌ಗಳು, ಅಷ್ಟೇ.

ಗ್ಲಾಂದೋನ್‌ಗೆ ಹೋಗುವುದು ಇನ್ನೊಂದು ದಿಕ್ಕಿಗೆ, ಅಲ್ಲೆಮೊನ್ ಊರಿನಿಂದ. ಅದರ ಎತ್ತರ 1924 ಮೀಟರ್, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟು. ಅಲ್ಲಿಂದ ಇನ್ನೂ ಕೆಲವೇ ಕಿಲೋಮೀಟರ್ ಹೋದರೆ 2067 ಮೀಟರ್‌ನ ಕ್ರ್ವಾ ದ ಫೇರ್. ಇದು ಉದ್ದದ ಏರು, ತಾಳ್ಮೆಯ ಪರೀಕ್ಷೆ. ಲ ರಿವಿಯೇ ಹಳ್ಳಿ ದಾಟಿದ ಮೇಲೆ ರಸ್ತೆ ಕೆಳಗಿಳಿಯುತ್ತದೆ. ಕಷ್ಟಪಟ್ಟು ಗಳಿಸಿದ ಎತ್ತರ ಕೈಬಿಟ್ಟುಹೋಗುತ್ತದೆ. ಆಮೇಲೆ ಶೇಕಡಾ 10 ಮೀರಿದ ಚಡಾವು. ಈ ಜಾಗದಲ್ಲಿ ಎಲ್ಲರ ಮಾತೂ ನಿಲ್ಲುತ್ತದೆ.

ಈ ದಾರಿಯಲ್ಲಿ ಮೇಲೊಂದು ಕೆರೆ, ಕೆಳಗೊಂದು ಕೆರೆ. ಎರಡೂ ಸೇರಿ ಗ್ರಾಂದ್ ಮೇಜೋನ್ ಪಂಪ್ಡ್ ಸ್ಟೋರೇಜ್ ಯೋಜನೆ. 1980ರ ದಶಕದಲ್ಲಿ ಶುರುವಾದದ್ದು, ಸಾಮರ್ಥ್ಯ 1800 ಮೆಗಾವ್ಯಾಟ್. ಕರೆಂಟ್ ಹೆಚ್ಚಾಗಿ ಉಳಿದಾಗ ನೀರನ್ನು ಮೇಲಕ್ಕೆ ಎತ್ತುತ್ತಾರೆ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡುತ್ತಾರೆ. ಶರಾವತಿ ಕಣಿವೆಯಲ್ಲಿ ಮಾಡಹೊರಟಿರುವ 2000 ಮೆಗಾವ್ಯಾಟ್ ಯೋಜನೆಯ ಕೆಲಸವೂ ಹೀಗೆಯೇ. “ಇಲ್ಲಿ ಎರಡು ಕೆರೆಗಳ ನಡುವೆ ಹುಲ್ಲುಗಾವಲು, ಬಂಡೆ. ನಮ್ಮಲ್ಲಿ ಇರೋದು ಸಿಂಗಳೀಕ ಓಡಾಡೋ ಕಾಡು,” ಎಂದ ಗೆಳೆಯ. ಅವನ ಮಾತು ನನಗೆ ಸರಿ ಅನ್ನಿಸಿತು. ಯಂತ್ರ ಒಂದೇ ಆದರೂ ನೆಲ ಬೇರೆ.

ಕೊನೆಗೆ ಗಾಲಿಬಿಯೇ. 2642 ಮೀಟರ್, ಊಟಿಯ ದೊಡ್ಡಬೆಟ್ಟದ ತುದಿಗಿಂತಲೂ 5 ಮೀಟರ್ ಎತ್ತರ. ಬೂರ್ ದ್ವಾಜಾನ್‌ನಿಂದ ಲೊತಾರೆ ಘಾಟಿಯವರೆಗೆ ಹೆದ್ದಾರಿಯಲ್ಲೇ ಹೋಗಬೇಕು. ಲಾರಿ, ಕ್ಯಾಂಪರ್ ವ್ಯಾನ್, ಸುರಂಗಗಳು. ಮುಂದೆ ಹಿಂದೆ ಲೈಟ್ ಇಲ್ಲದೆ ಹೋಗಲೇಬೇಡಿ. ಊರ ಹೊರಗೆ ಸೈಕಲನ್ನು ಹಿಂದಿಕ್ಕುವ ವಾಹನ ಒಂದೂವರೆ ಮೀಟರ್ ದೂರ ಬಿಡಬೇಕೆಂಬ ಕಾನೂನು ಫ್ರಾನ್ಸಿನಲ್ಲಿದೆ. ನಾನು ಕಂಡ ಮಟ್ಟಿಗೆ ಹೆಚ್ಚಿನವರು ಪಾಲಿಸುತ್ತಾರೆ. ಲಾ ಗ್ರಾವ್ ಊರು ಬಂದಾಗ ಮಾತ್ರ ಹೆದ್ದಾರಿಯ ಬೇಸರವೆಲ್ಲ ಹೋಗುತ್ತದೆ. ಎದುರಿಗೇ 3983 ಮೀಟರ್ ಎತ್ತರದ ಲಾ ಮೇಜ್ ಶಿಖರ, ಅದರ ಮೈಮೇಲೆ ಹಿಮನದಿ. ನಾವು ಬ್ರೆಡ್, ಚೀಸ್ ತಿಂದು ಅರ್ಧ ಗಂಟೆ ಅದನ್ನೇ ನೋಡಿದೆವು.

ಲೊತಾರೆಯಲ್ಲಿ 1899ರಲ್ಲಿ ಶುರುವಾದ ಸಸ್ಯೋದ್ಯಾನವಿದೆ. ಹಿಮಾಲಯದ ಗಿಡಗಳೂ ಅಲ್ಲಿವೆ. ಅಲ್ಲಿಂದ ಗಾಲಿಬಿಯೇ ತುದಿಗೆ ಇನ್ನು ಎಂಟೂವರೆ ಕಿಲೋಮೀಟರ್. ಮರಗಳಿಲ್ಲ, ನೆರಳಿಲ್ಲ, ಗಾಳಿ ಮಾತ್ರ. ತುದಿಗೆ ಮುಂಚೆ ಟೂರ್ ಶುರುಮಾಡಿದ ಆನ್ರಿ ದೆಗ್ರಾಂಜ್‌ನ ಸ್ಮಾರಕ ಸಿಗುತ್ತದೆ. ಅಲ್ಲೇ ಪಕ್ಕದಲ್ಲಿ ಸುರಂಗದ ಬಾಯಿ. ಕಾರುಗಳು ಅದರೊಳಗೆ ಹೋಗಬಹುದು, ಸೈಕಲ್ ಮಾತ್ರ ಮೇಲಿನ ರಸ್ತೆಯನ್ನೇ ಹತ್ತಬೇಕು. ಆ ಕೊನೆಯ ಒಂದು ಕಿಲೋಮೀಟರ್ ತುಂಬ ಕಡಿದು. 1911ರಲ್ಲಿ ಮೊದಲ ಬಾರಿ ರೇಸ್ ಇಲ್ಲಿಗೆ ಬಂದಾಗ ಎಮಿಲ್ ಜಾರ್ಜೆ ಎಲ್ಲರಿಗಿಂತ ಮುಂಚೆ ದಾಟಿದ. ಆಗ ಡಾಂಬರಿರಲಿಲ್ಲ, ಈಗಿನ ಹಾಗೆ ಗೇರುಗಳೂ ಇರಲಿಲ್ಲ. ಅವನ ಮೇಲೆ ನನಗೆ ಅಪಾರ ಗೌರವ ಹುಟ್ಟಿತು.

ಹೋಗುವವರಿಗೆ ಒಂದೆರಡು ಮಾತು. ಮುಂದೆ 34 ಹಲ್ಲಿನ ಚೈನ್‌ರಿಂಗ್, ಹಿಂದೆ 32 ಅಥವಾ 34 ಹಲ್ಲಿನ ಗೇರ್ ಹಾಕಿಸಿಕೊಳ್ಳಿ. ನಂದಿ ಬೆಟ್ಟದಲ್ಲಿ ನಡೆಯುವ ಗೇರ್ ಇಲ್ಲಿ ಸಾಲದು. ಬೇಸಿಗೆಯಲ್ಲೂ ಇಳಿಜಾರಿಗೆ ಗಾಳಿ ತಡೆಯುವ ಜಾಕೆಟ್, ಪೂರ್ತಿ ಕೈಗವಸು ಬೇಕೇ ಬೇಕು. ಹಳ್ಳಿಗಳ ನಲ್ಲಿಗಳಲ್ಲಿ ನೀರು ಸಿಗುತ್ತದೆ. “ನೋನ್ ಪೊತಾಬ್ಲ್” ಎಂದು ಬರೆದಿದ್ದರೆ ಕುಡಿಯಬೇಡಿ. ಎತ್ತರದ ಘಾಟಿಗಳು ಚಳಿಗಾಲವಿಡೀ ಹಿಮದಿಂದ ಮುಚ್ಚಿರುತ್ತವೆ. ಗಾಲಿಬಿಯೇ ಸಾಮಾನ್ಯವಾಗಿ ತೆರೆಯುವುದು ಜೂನ್ ಹೊತ್ತಿಗೆ. ಬೇಸಿಗೆಯ ಕೆಲವು ದಿನ ಬೆಳಿಗ್ಗೆ ಕೆಲವು ಏರುಗಳಲ್ಲಿ ಮೋಟಾರು ವಾಹನ ನಿಲ್ಲಿಸಿ, ರಸ್ತೆಯನ್ನು ಸೈಕಲ್‌ಗೇ ಬಿಡುತ್ತಾರೆ. ಆ ದಿನಗಳ ಪಟ್ಟಿಯನ್ನು ಮೊದಲೇ ನೋಡಿಕೊಂಡು ಟಿಕೆಟ್ ಮಾಡಿಸಿ.